ತೊಟ್ಟಿಯ ತಳದ ಹೂವು

ಶಿವರಾತ್ರಿಯ ಉಪವಾಸ ಮುಗಿದ ಮರುದಿನ ಎಲ್ಲರೂ ಹಸಿದು ಕೂತಿದ್ದರೂ ನಮ್ಮ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಉಣ್ಣಲಿಲ್ಲ. ಮುದ್ದೆ ಮುರಿಯುತ್ತಲೇ ನಮ್ಮ ಮಾವ ದೊಡ್ಡೀರಪ್ಪನವರು ಹಿತ್ತಲ ತೊಟ್ಟಿಯ ಮಾತು ತೆಗೆದರು.

“ಎಮ್ಮೆ ಬೀಳೋ ಹೊಂಡ ಆಗೈತೆ ಅದು. ಆ ನೀರನ್ನ ನನ್ನ ದಾಳಿಂಬೆಗಾದ್ರೂ ಬಿಡು,” ಎಂದು ಮಗನಿಗೆ ಹೇಳಿದರು.

ನನ್ನ ಗಂಡ ಮಾರುತಿ ತಟ್ಟೆಯಿಂದ ತಲೆ ಎತ್ತಲಿಲ್ಲ. “ಅದು ಗಿಡಕ್ಕೆ ಕಟ್ಟಿದ್ದಲ್ಲಪ್ಪ. ನನ್ನ ಮಗಳಿಗೆ ಕಟ್ಟಿದ್ದು.”

“ಮಗಳು ಇಳೀತಾಳೇನು ಅದ್ರಾಗೆ? ನಾಲ್ಕು ದಿನ ಆತು, ಕಾಲು ಸೈತ ಅದ್ದಿಲ್ಲ.”

ಮಗಳು ಸರಿತಾ ಅಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಸಾರಿನಲ್ಲಿದ್ದ ಹುರುಳಿಕಾಳನ್ನು ಒಂದೊಂದಾಗಿ ಆರಿಸಿ ತಿನ್ನುತ್ತಿದ್ದಳು. ಅವಳು ಹಾಗೆ ತಿನ್ನುವುದು ಅಳು ನುಂಗುವಾಗ ಎಂದು ನನಗೆ ಗೊತ್ತು. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟೆ.

ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ಅವಳ ಬಲಗಾಲು ಸೊರಗಿತು. ಅಂದಿನಿಂದ ಬಲಗೈಯನ್ನು ಮಂಡಿಯ ಮೇಲೆ ಊರಿ, ಬಗ್ಗಿಯೇ ನಡೆಯುತ್ತಾಳೆ. ಎಂಟನೇ ತರಗತಿಗೆ ಬರುವಷ್ಟರಲ್ಲಿ ಬೆನ್ನೂ ಒಂದು ಕಡೆಗೆ ವಾಲತೊಡಗಿತು. ದಾವಣಗೆರೆಯ ಡಾಕ್ಟರು ದಿನಾ ನೀರಿನಲ್ಲಿ ಈಜಿಸಿ, ಬೆನ್ನಿಗೆ ಬಲ ಬರುತ್ತದೆ, ಬೇಸಿಗೆಯಲ್ಲಿ ಮತ್ತೆ ನೋಡೋಣ ಎಂದರು. ಬಲ ಬರದಿದ್ದರೆ ಸೊಂಟದಿಂದ ಕತ್ತಿನವರೆಗೆ ಬಿಗಿಯುವ ಪಟ್ಟಿ ಹಾಕಬೇಕಾಗುತ್ತದೆ ಎಂದೂ ಹೇಳಿದರು. ಚಳ್ಳಕೆರೆಯಲ್ಲಿ ಈಜುವ ನೀರು ಎಲ್ಲಿದೆ? ನಲ್ಲಿಯ ಮುಂದೆ ಕೊಡಗಳನ್ನು ಸಾಲಿಗಿಟ್ಟು ಕಾಯುವ ಊರು ನಮ್ಮದು.

ನನ್ನ ಗಂಡ ಗಾರೆ ಮೇಸ್ತ್ರಿ. ಹಿಂದೆ ಎಣ್ಣೆ ಮಿಲ್ಲಿನ ಸಾಹುಕಾರರೊಬ್ಬರ ಬಂಗಲೆಗೆ ಈಜುಕೊಳ ಕಟ್ಟಿದವರು. ದಾವಣಗೆರೆಯಿಂದ ಬಂದ ರಾತ್ರಿಯೇ ಹಿತ್ತಲಲ್ಲಿ ದಾರ ಹಿಡಿದು ಅಳತೆ ಹಾಕಿದರು. ಊರವರ ಮನೆ ಕಟ್ಟಿ ಬಂದು, ಕೈಕಾಲು ತೊಳೆದು, ಚಹಾ ಕುಡಿದು, ಮತ್ತೆ ಕರಣೆ ಹಿಡಿಯುತ್ತಿದ್ದರು. ನಾನು ಒಲೆ ಮೇಲೆ ಎಸರಿಟ್ಟು ಹೋಗಿ ಗಾರೆ ಕಲಸಿ ಕೊಡುತ್ತಿದ್ದೆ. ತಳಕ್ಕೆ ಬಿಳಿ ಸಿಮೆಂಟು ಬಳಿಯುವ ದಿನ ನಮ್ಮ ಅತ್ತೆ ಚಿಕ್ಕಕ್ಕ ತಮ್ಮ ಡಬ್ಬಿಯಲ್ಲಿ ಕೂಡಿಟ್ಟಿದ್ದ ಒಡೆದ ಬಳೆಗಳನ್ನೆಲ್ಲ ತಂದು ಸುರಿದರು. ಆ ಚೂರುಗಳನ್ನು ಹಸಿ ಸಿಮೆಂಟಿಗೆ ಒತ್ತಿ ನನ್ನ ಗಂಡ ಒಂದು ದೊಡ್ಡ ಹೂವು ಬಿಡಿಸಿದರು. ಕೆಂಪು ಎಸಳು, ಹಸಿರು ಅಂಚು, ನಡುವೆ ಹಳದಿ. ಆ ಹಳದಿ ನನ್ನ ಮದುವೆಯ ಬಳೆಯದು.

ನೀರು ಮಾತ್ರ ಮಾವನ ಬೋರ್‌ವೆಲ್ಲಿನದು. ಅದನ್ನು ನಂಬಿ ಅವರ ದಾಳಿಂಬೆ ಗಿಡಗಳಿದ್ದವು. ದೊಡ್ಡ ಜಗಳವೇ ಆಗಿ, ಕೊನೆಗೆ ಸಂಕ್ರಾಂತಿಯ ದಿನ ಮೋಟರು ಹಾಕಿ, “ಒಂದೇ ಸಲ ತುಂಬಿಸ್ಕೊ. ಮತ್ತೆ ಕೇಳ್ಬ್ಯಾಡ,” ಎಂದು ಒಪ್ಪಿಕೊಂಡರು. ಹಾಗಾಗಿ ಆ ನೀರು ಕೆಟ್ಟರೆ ಚೆಲ್ಲಿ ಬೇರೆ ತುಂಬುವ ಹಾಗಿರಲಿಲ್ಲ. ಇರುವ ನೀರನ್ನೇ ಕಾಪಾಡಿಕೊಳ್ಳಬೇಕಿತ್ತು.

ಮೊದಲ ದಿನ ಅಪ್ಪನ ಕೈ ಹಿಡಿದು ಇಳಿದ ಸರಿತಾ, ಸ್ವಲ್ಪ ಹೊತ್ತಿಗೆ ಆ ಕೈ ಬಿಟ್ಟಳು. ಅಂಗಾತ ಮಲಗಿ ಎರಡೂ ಕೈ ಅಗಲಿಸಿ ತೇಲಿದಳು. ಮಂಡಿಯಿಂದ ಬಿಡುಗಡೆಯಾದ ಆ ಬಲಗೈಯನ್ನು ನಾನು ಎಷ್ಟು ಹೊತ್ತು ನೋಡುತ್ತ ನಿಂತೆನೋ, ಒಳಗೆ ಹಾಲು ಉಕ್ಕಿ ಒಲೆ ಆರಿಹೋಗಿತ್ತು.

ಅಂಥ ನೀರು ಶಿವರಾತ್ರಿಯ ಹೊತ್ತಿಗೆ ಹಸಿರಾಗಿತ್ತು. ಮೊದಲು ಗೋಡೆಗೆ ಕೈ ಹಚ್ಚಿದರೆ ಜಾರುವಂತಾಯಿತು. ಆಮೇಲೆ ಹೂವು ಮಸುಕಾಯಿತು. ಒಂದು ಬೆಳಗ್ಗೆ ಪೂರ್ತಿ ಮುಚ್ಚಿಹೋಯಿತು. ಪಾಚಿಯಲ್ಲಿ ಕಾಲು ಜಾರಿ ಸರಿತಾ ಎರಡು ಸಲ ನೀರು ಕುಡಿದ ಮೇಲೆ ನಾನೇ ಅವಳನ್ನು ಇಳಿಯಲು ಬಿಡಲಿಲ್ಲ.

ಅಂದು ಉಂಡು ಕೈ ತೊಳೆದ ಮಾವ ಬಾಗಿಲಲ್ಲಿ ನಿಂತು ತೀರ್ಮಾನ ಹೇಳಿದರು. “ಉಗಾದಿ ತನಕ ನೋಡ್ತೀನಿ. ಉಗಾದಿ ಬೆಳಗ್ಗೆ ನಾನು ಬಂದು ನಿಂತಾಗ ತಳದಾಗಿನ ಬಳೆ ಹೂವು ನನ್ನ ಕಣ್ಣಿಗೆ ಕಾಣ್ಬೇಕು. ಕಾಣ್ಲಿಲ್ಲ ಅಂದ್ರೆ ಗಿಡಕ್ಕೆ ಪೈಪು ಇಡೋನು ನಾನೇ.”

“ನಿಮ್ಮ ಕಣ್ಣಿಗೆ ಎದುರಿಗಿರೋ ಉಪ್ಪಿನ ಬಟ್ಲೇ ಕಾಣಂಗಿಲ್ಲ,” ಎಂದರು ಅತ್ತೆ.

“ನೀರು ಚೊಕ್ಕ ಇದ್ರೆ ಕಾಣ್ತೈತೆ ಬಿಡು.”

ಮಾವನ ಮಾತು ಒರಟಾದರೂ ಸುಳ್ಳಲ್ಲ. ಆ ವರ್ಷ ಬೋರಿನ ನೀರು ಇಳಿಯುತ್ತಿತ್ತು. ಮೊಮ್ಮಗಳ ಮೇಲೆ ಪ್ರೀತಿಯಿಲ್ಲದವರೂ ಅಲ್ಲ. ಶಾಲೆಗೆ ಅವಳನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗುವವರು ಅವರೇ. ಯಾರಿಗೂ ಆಗದ ನೀರು ಹಿತ್ತಲಲ್ಲಿ ಕೊಳೆಯುವುದನ್ನು ಮಾತ್ರ ಅವರಿಂದ ನೋಡಲಾಗುತ್ತಿರಲಿಲ್ಲ.

ಮರುದಿನದಿಂದ ನನ್ನ ಗಂಡ ಬೆಳಗಿನ ಕೆಲಸಕ್ಕೆ ಹೋಗುವ ಮುನ್ನ ತೊಟ್ಟಿಯ ಗೋಡೆ ಉಜ್ಜತೊಡಗಿದರು. ಸಂಜೆ ನಾನು ಜಾಲರಿಯಲ್ಲಿ ತೇಲುವ ಪಾಚಿ ಎತ್ತುತ್ತಿದ್ದೆ. ತೊಟ್ಟಿ ತುಂಬಿಸಿದಾಗಲೇ ಮೋಟರ್ ಮೆಕ್ಯಾನಿಕ್ ಚಾಂದ್ ಪಾಷ ಅವರು ಒಂದು ಡ್ರಮ್ಮಿಗೆ ಮರಳು ತುಂಬಿ, ಸಣ್ಣ ಮೋಟರಿನಿಂದ ನೀರು ಅದರ ಮೂಲಕ ಸುತ್ತಿ ಬರುವಂತೆ ಮಾಡಿಕೊಟ್ಟಿದ್ದರು. ಅವರನ್ನು ಮತ್ತೆ ಕರೆಸಿದೆವು. ಅವರು ಮರಳು ತೊಳೆದು ಹಾಕಿ, ನಾನು ಕೊಟ್ಟ ಚಹಾ ಕುಡಿದು, “ಮರಳು ಕಸ ಹಿಡೀತದೆ ಅಕ್ಕಾ, ಬಣ್ಣ ಹಿಡಿಯಲ್ಲ,” ಎಂದು ಹೇಳಿ ಹೋದರು. ಮಾವ ದಾಳಿಂಬೆಗೆ ಹೊಡೆಯುವ ಮೈಲುತುತ್ತ ಹಾಕೋಣ ಎಂದರು. ಮಗುವಿನ ಬಾಯಿಗೆ ನೀರು ಹೋಗುತ್ತದೆ, ಬೇಡ ಎಂದು ನಾನು ಅಡ್ಡ ನಿಂತೆ. ಮಾವನಿಗೆ ಎದುರಾಡಿದ್ದು ಅದೇ ಮೊದಲು.

ಬ್ಲೀಚಿಂಗ್ ಪೌಡರು ಹಾಕಿದೆವು. ಎರಡು ದಿನದಲ್ಲಿ ಹಸಿರು ಹೋಗಿ ನೀರು ತಿಳಿಯಾಯಿತು. ವಾಸನೆ ಆರಲು ಇನ್ನೆರಡು ದಿನ ಬಿಟ್ಟು ಸರಿತಾ ಇಳಿದಳು. ಕಣ್ಣು ಕೆಂಪಾದರೂ ದೂರಲಿಲ್ಲ. ಆದರೆ ವಾರ ತುಂಬುವುದರೊಳಗೆ ಹಸಿರು ಮತ್ತೆ ಬಂತು, ಮೊದಲಿಗಿಂತ ದಟ್ಟವಾಗಿ.

“ಬಿಸ್ಲು ಬೀಳೋದಕ್ಕೇ ಹಿಂಗಾಗ್ತಿರೋದು,” ಎಂದರು ಅತ್ತೆ. “ನಾನು ತಾಡಪಾಲು ಇನ್ನಷ್ಟು ದೊಡ್ಡದು ಮಾಡ್ತೀನಿ.”

ಆ ತಾಡಪಾಲಿನ ಬಗ್ಗೆ ಹೇಳಬೇಕು. ತೊಟ್ಟಿ ತುಂಬಿದ ಮೇಲೆ ಬೇವಿನೆಲೆ ಉದುರುವುದು, ಧೂಳು ಬೀಳುವುದು, ಬಿಸಿಲಿಗೆ ನೀರು ಆರುವುದು ನೋಡಿ ಅತ್ತೆಯ ಹೊಟ್ಟೆ ಉರಿದಿತ್ತು. ನಮ್ಮ ಕಡೆ ಶೇಂಗಾ ಒಣಹಾಕಲು ಖಾಲಿ ಗೊಬ್ಬರದ ಚೀಲಗಳನ್ನು ಬಿಚ್ಚಿ, ಒಂದಕ್ಕೊಂದು ಕೂಡಿಸಿ ಹೊಲಿದು ಹಾಸು ಮಾಡುವುದು ಪ್ರತಿ ಮನೆಯಲ್ಲೂ ಉಂಟು. ಅತ್ತೆ ಹಾಗೆಯೇ ಮಾವನ ಕೊಟ್ಟಿಗೆಯಲ್ಲಿದ್ದ ಚೀಲಗಳಲ್ಲಿ ಬೇಕಾದಷ್ಟನ್ನು ಕೊಡವಿ, ದಬ್ಬಣ ಹಿಡಿದು ಕೂತರು. ಅವರು ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಮನೆಯಿಂದ ಬಂದವರು. ಗೊಬ್ಬರದ ಚೀಲವನ್ನೂ ಸೀರೆಯ ಸೆರಗು ಕೂಡಿಸಿದಷ್ಟು ನೀಟಾಗಿ ಹೊಲಿದರು. ಬರಹವಿದ್ದ ಮಗ್ಗುಲು ಮೇಲೆ ಬಂದರೆ ಮನೆ ಗೊಬ್ಬರದಂಗಡಿಯ ಹಾಗೆ ಕಾಣುತ್ತದೆಂದು ಅದನ್ನು ಕೆಳಕ್ಕೆ ಮಾಡಿ, ಬಿಳಿ ಮಗ್ಗುಲನ್ನು ಮೇಲೆ ಮಾಡಿದರು. ರಾತ್ರಿ ಅದನ್ನು ನೀರಿನ ಮೇಲೆ ಹಾಸುವುದು, ಬೆಳಗ್ಗೆ ನಾಲ್ಕು ಕಂಬಕ್ಕೆ ಎತ್ತಿ ಕಟ್ಟಿದರೆ ಅದೇ ಚಪ್ಪರ. ಮೊಮ್ಮಗಳು ಅದರ ನೆರಳಿನಲ್ಲಿ ಈಜುತ್ತಿದ್ದರೆ ಅತ್ತೆ ಅಕ್ಕಪಕ್ಕದವರನ್ನು ಕರೆದು ತೋರಿಸುತ್ತಿದ್ದರು. ಕೊಟ್ರಮ್ಮ ಎಂಬ ನಮ್ಮ ಪಕ್ಕದ ಮನೆಯವರು ತಮಗೂ ಒಂದು ಹೊಲಿದುಕೊಡಲು ಕೇಳಿದ್ದರು.

ಮತ್ತೆ ಎರಡು ಚೀಲ ಕೂಡಿದವು. ನೀರು ಮತ್ತಷ್ಟು ಹಸಿರಾಯಿತು.

ಒಂದು ಸಂಜೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಸರಿತಾ ಬಂದು ಪಕ್ಕದಲ್ಲಿ ಕೂತಳು. ದನಿ ತಗ್ಗಿಸಿ ಕೇಳಿದಳು. “ಅವ್ವ, ಪಾಚಿನೂ ಗಿಡಾನೇ ಅಲ್ವಾ?”

“ಹಸಿರಾಗಿ ಬೆಳೆಯೋದೆಲ್ಲ ಗಿಡಾನೇ ಇರ್ಬೇಕು. ಯಾಕೆ?”

“ಗಿಡಕ್ಕೆ ಗೊಬ್ಬರ ಹಾಕಿದ್ರೆ ಏನಾಗ್ತೈತೆ?”

ನಾನು ತಟ್ಟುವುದನ್ನು ನಿಲ್ಲಿಸಿದೆ. ಅವಳು ಬಿಡಿಸಿ ಹೇಳಿದಳು. ಅಂಗಾತ ತೇಲುವಾಗ ಅವಳಿಗೆ ಕಾಣುತ್ತಿದ್ದದ್ದು ಚಪ್ಪರದ ಒಳಮಗ್ಗುಲು. ಡಿ.ಎ.ಪಿ. ಎಂಬ ದೊಡ್ಡ ಅಕ್ಷರ, ಅದರ ಕೆಳಗೆ ಎರಡು ಅಂಕಿ. ದಿನವೂ ಓದಿ ಓದಿ ಬಾಯಿಪಾಠವಾಗಿತ್ತು. ಆ ವಾರ ಶಾಲೆಯಲ್ಲಿ ಗೊಬ್ಬರದ ಪಾಠ ಬಂದಿತ್ತು. ಮೊದಲ ಅಂಕಿ ಸಾರಜನಕದ್ದು, ಎರಡನೆಯದು ರಂಜಕದ್ದು. ಈ ಗೊಬ್ಬರದಲ್ಲಿ ರಂಜಕವೇ ಹೆಚ್ಚು ಎಂದು ವಿಜ್ಞಾನದ ಮೇಡಂ ಹೇಳಿದ್ದರಂತೆ. ನೀರಿಗೆ ರಂಜಕ ಬಿದ್ದರೆ ಪಾಚಿಗೆ ಹಬ್ಬ ಎಂದೂ ಹೇಳಿದ್ದರಂತೆ. ಚೀಲದ ಅಂಚು ಮಡಚಿ ಹೊಲಿದಿರುವ ಕಡೆ ಗೊಬ್ಬರದ ಪುಡಿ ಇನ್ನೂ ಕೂತಿದೆ, ರಾತ್ರಿಯೆಲ್ಲ ನೀರಿನಲ್ಲಿ ನೆನೆದು ಬೆಳಗ್ಗೆ ತೊಟ್ಟಿಕ್ಕುತ್ತದೆ ಎನ್ನುವುದು ಅವಳ ಲೆಕ್ಕ.

“ನಾವು ಮುಚ್ಚಿದಷ್ಟೂ ಅದಕ್ಕೆ ಉಣ್ಣಾಕಿಡ್ತಿದ್ದೀವಿ ಅವ್ವ.”

ಹೆಂಚಿನ ಮೇಲೆ ರೊಟ್ಟಿ ಕರಕಲಾಯಿತು. ನನಗೆ ಮಗಳ ಮುಖ ನೋಡಿ ಹೆಮ್ಮೆ ಉಕ್ಕಿತು. ಅದರ ಹಿಂದೆಯೇ ಹಜಾರದಲ್ಲಿ ಕೂತು ದಬ್ಬಣಕ್ಕೆ ದಾರ ಪೋಣಿಸುತ್ತಿದ್ದ ಅತ್ತೆಯ ನೆನಪಾಗಿ ಬಾಗಿಲ ಕಡೆ ತಿರುಗಿ ನೋಡಿದೆ.

“ಅಜ್ಜಿಗೆ ಹೇಳ್ಬ್ಯಾಡ,” ಎಂದಳು ಸರಿತಾ. “ಮೊದ್ಲು ನಿಜಾನಾ ನೋಡ್ತೀನಿ.”

ಅವಳು ಎರಡು ಹಾರ್ಲಿಕ್ಸ್ ಬಾಟಲಿ ತೊಳೆದು, ಎರಡಕ್ಕೂ ಬೋರಿನ ನೀರು ತುಂಬಿ, ಎರಡಕ್ಕೂ ಒಂದೊಂದು ಚಮಚ ತೊಟ್ಟಿಯ ಹಸಿರು ನೀರು ಬೆರೆಸಿದಳು. ಕೊಟ್ಟಿಗೆಯಲ್ಲಿ ಉಳಿದಿದ್ದ ಚೀಲದ ಅಂಚನ್ನು ಕತ್ತರಿಸಿ ಒಂದರಲ್ಲಿ ಮಾತ್ರ ಇಳಿಬಿಟ್ಟಳು. ಎರಡನ್ನೂ ಅಡುಗೆಮನೆಯ ಕಿಟಕಿಯಲ್ಲಿ ಬಿಸಿಲಿಗಿಟ್ಟಳು. ಇದೇನು ಉಪ್ಪಿನಕಾಯಿ ಎಂದು ಅತ್ತೆ ಕೇಳಿದರು. ಶಾಲೆಯ ಕೆಲಸ ಎಂದಳು. ಮೊಮ್ಮಗಳ ಶಾಲೆಯ ಕೆಲಸ ಕೆಡಬಾರದೆಂದು ಅತ್ತೆ ದಿನವೂ ಆ ಬಾಟಲಿಗಳ ಧೂಳು ಒರೆಸಿ, ಬಿಸಿಲು ಸರಿದ ಕಡೆಗೆ ಸರಿಸಿ ಇಡತೊಡಗಿದರು. ನಾನು ಪಾತ್ರೆ ತೊಳೆಯುತ್ತಾ ನೋಡುತ್ತಿದ್ದೆ.

ದಿನ ಕಳೆದ ಹಾಗೆ ಒಂದು ಬಾಟಲಿ ಹಾಗೇ ಉಳಿಯಿತು. ಚೀಲದ ಚೂರಿದ್ದದ್ದು ಮೊದಲು ಎಳೆ ಹಸಿರಾಗಿ, ಆಮೇಲೆ ಪಾಲಕ್ ಸೊಪ್ಪು ಅರೆದ ಹಾಗಾಯಿತು.

ಭಾನುವಾರ ಬೆಳಗ್ಗೆ ನಾನು ಹಾಲು ಕಾಯಿಸಿ ಹಿತ್ತಲಿಗೆ ಹೋದರೆ ಅತ್ತೆ ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದರು. ತಾಡಪಾಲು ಮಡಿಲಲ್ಲಿತ್ತು. ಕುಡುಗೋಲಿನ ತುದಿಯಿಂದ ಒಂದೊಂದೇ ಹೊಲಿಗೆ ಬಿಚ್ಚುತ್ತಿದ್ದರು. ಪಕ್ಕದಲ್ಲಿ ಎರಡೂ ಬಾಟಲಿಗಳಿದ್ದವು. ಬಿಚ್ಚಿದ ಅಂಚನ್ನು ಅಂಗೈ ಮೇಲೆ ಕೊಡವಿ, ಉದುರಿದ ಬೂದು ಪುಡಿಯನ್ನು ನನಗೆ ತೋರಿಸಿದರು.

ಸರಿತಾ ಮಂಡಿಗೆ ಕೈ ಊರಿಕೊಂಡು ಬಾಗಿಲಿಗೆ ಬಂದು ನಿಂತಳು.

“ಬಾರೇ ಇಲ್ಲಿ ಮಾಸ್ತರಮ್ಮ,” ಎಂದರು ಅತ್ತೆ. “ಎಷ್ಟು ದಿನದಿಂದ ಗೊತ್ತು ನಿಂಗೆ?”

“ಹೋದ ವಾರದಿಂದ ಅಜ್ಜಿ.”

“ಹೋದ ವಾರದಿಂದ ದಿನಾ ರಾತ್ರಿ ನಾನು ಇದನ್ನ ಹಾಸ್ತಾ ಇದ್ದೆ, ನೀನು ನೋಡ್ತಾ ಇದ್ದೆ. ಹೇಳಿದ್ರೆ ನಾನೇನು ಸತ್ತೋಗ್ತಿದ್ನಾ?”

“ನಿನ್ನ ಮನ್ಸಿಗೆ ನೋವಾಗ್ತೈತೆ ಅಂತ.”

ಅತ್ತೆ ಕುಡುಗೋಲು ಕೆಳಗಿಟ್ಟರು. “ನಿನ್ನ ಬೆನ್ನಿಗಿಂತ ನನ್ನ ಮನ್ಸು ದೊಡ್ಡದೇನೇ ಬಂಗಾರು? ನಾನು ಓದಿಲ್ಲ, ಚೀಲದ ಮ್ಯಾಲೆ ಏನೈತೆ ನಂಗೆ ತಿಳೀಲಿಲ್ಲ. ಆದ್ರೆ ಎರಡು ಬಾಟ್ಲಿ ನೋಡಿ ತಿಳ್ಕಳ್ಳೋವಷ್ಟು ಕಣ್ಣೈತೆ. ಇನ್ನೊಂದು ಸಲ ಹಿಂಗೆ ಮುಚ್ಚಿಟ್ಟರೆ ನೋಡು.”

ಸರಿತಾ ಅವರ ಪಕ್ಕದಲ್ಲಿ ಕೂತು ಹೊಲಿಗೆ ಬಿಚ್ಚಲು ಕೈಹಾಕಿದಳು. ನಾನೂ ಕೂತೆ. ಬಿಚ್ಚುತ್ತಾ ಬಿಚ್ಚುತ್ತಾ ಅತ್ತೆ, ಹೊಲಿಗೆ ಎಷ್ಟು ಗಟ್ಟಿ ಹಾಕಿದೀನಿ ನೋಡು, ಬಿಚ್ಚೋಕೇ ಆಗ್ತಿಲ್ಲ ಎಂದು ತಾವೇ ನಕ್ಕರು.

ಚೀಲ ತೆಗೆದಿದ್ದಾಯಿತು. ಆದರೆ ನೀರಿನಲ್ಲಿ ಕರಗಿಹೋದ ರಂಜಕ ಅಲ್ಲೇ ಇತ್ತಲ್ಲ. ಸರಿತಾ ಸೋಮವಾರ ಮೇಡಂ ಅವರನ್ನೇ ಕೇಳಿಕೊಂಡು ಬಂದಳು. ಪಟಿಕ ಹಾಕಿದರೆ ಅದು ನೀರಿನಲ್ಲಿರುವ ರಂಜಕವನ್ನೂ ಪಾಚಿಯನ್ನೂ ಕಟ್ಟಿಕೊಂಡು ತಳಕ್ಕೆ ಕೂರುತ್ತದೆ, ಕೂತದ್ದನ್ನು ಕದಡದೆ ಹೊರಗೆ ತೆಗೆದುಬಿಡಬೇಕು ಎಂದಿದ್ದರಂತೆ.

ಪಟಿಕದ ಹೆಸರು ಕೇಳಿ ಅತ್ತೆ ಎದ್ದು ನಿಂತರು. ತವರಿನಲ್ಲಿ ಅವರ ಅಪ್ಪ ನೂಲಿಗೆ ಬಣ್ಣ ಹಾಕುವಾಗ ಪಟಿಕದ ನೀರು ಮಾಡುತ್ತಿದ್ದವರು ಇವರೇ. ಹೆಚ್ಚಾದರೆ ನೂಲು ಒರಟಾಗುತ್ತದೆ, ಕಡಿಮೆಯಾದರೆ ಬಣ್ಣ ನಿಲ್ಲುವುದಿಲ್ಲ ಎಂದು ಬೈಸಿಕೊಂಡು ಕಲಿತವರು. ಗಟ್ಟಿಯನ್ನು ಹಾಗೇ ತೊಟ್ಟಿಗೆ ಎಸೆಯಲು ಹೋದ ನನ್ನ ಗಂಡನ ಕೈ ತಡೆದರು.

“ಮೇಸ್ತ್ರಿ, ಇದು ಜಲ್ಲಿ ಅಲ್ಲ. ಬಿಸಿನೀರಾಗೆ ಕರಗ್ಸು. ಬಟ್ಟೇಲಿ ಸೋಸು. ಆಮ್ಯಾಲೆ ಸುತ್ತಲೂ ಸ್ವಲ್ಪ ಸ್ವಲ್ಪ ಚಿಮುಕ್ಸು. ಬಕೀಟಿನಾಗೆ ಮೊದ್ಲು ಹಾಕಿ ನೋಡು, ಎಷ್ಟಕ್ಕೆ ಮೋಡ ಕಟ್ತೈತೆ ಅಂತ.”

ತಾಯಿ ಮಗ ಬಕೆಟ್ಟಿನಲ್ಲಿ ನೋಡಿಕೊಂಡು, ಅದೇ ಅಳತೆಯಲ್ಲಿ ತೊಟ್ಟಿಗೆ ಚಿಮುಕಿಸಿದರು. ಮೋಟರು ನಿಲ್ಲಿಸಿದೆವು. ನೀರನ್ನು ಯಾರೂ ಮುಟ್ಟಬಾರದೆಂದು ಅತ್ತೆ ಕಾವಲು ಕೂತರು. ಅಲ್ಲೇ ಅವರೆಕಾಯಿ ಸುಲಿದರು, ಅಲ್ಲೇ ಉಂಡರು. ಎರಡನೆಯ ದಿನ ನೀರಿನೊಳಗೆ ಹಸಿರು ಹಿಂಜಿದ ಹತ್ತಿಯಂತೆ ಗುಡ್ಡೆಗುಡ್ಡೆಯಾಗಿ ಇಳಿಯುವುದು ಕಾಣಿಸಿತು. ಮೂರನೆಯ ದಿನ ತಳದಲ್ಲಿ ಹಸಿರು ಹಾಸು ಬಿದ್ದಿತ್ತು.

ನನ್ನ ಗಂಡ ಪೈಪಿನ ತುದಿಯನ್ನು ಕೋಲಿಗೆ ಕಟ್ಟಿ, ತಳದ ಮೇಲೆ ಮೆಲ್ಲಗೆ ಆಡಿಸುತ್ತಾ ಆ ಕೆಸರನ್ನು ಹೊರಗೆಳೆದರು. ಇನ್ನೊಂದು ತುದಿ ದಾಳಿಂಬೆಯ ಪಾತಿಯಲ್ಲಿತ್ತು. ಮಾವ ಗುದ್ದಲಿ ಹಿಡಿದು ಗಿಡದಿಂದ ಗಿಡಕ್ಕೆ ಮಣ್ಣು ತಿರುವುತ್ತಾ ನಿಂತಿದ್ದರು. ಕೆಸರು ನೋಡಿ ಅವರ ಮುಖ ಸಡಿಲಾಯಿತು. ನನ್ನ ಗೊಬ್ಬರ ನನ್ನ ಗಿಡಕ್ಕೇ ಬಂತು ಎಂದರು. ಆದರೂ ಉಗಾದಿಯ ಮಾತು ಬಿಟ್ಟುಕೊಡಲಿಲ್ಲ.

ಚೀಲಗಳನ್ನು ಅತ್ತೆ ಬಿಸಾಡಲಿಲ್ಲ. ಅಂಚಿನ ಮಡಿಕೆ ಪೂರ್ತಿ ಕತ್ತರಿಸಿ, ತೋಟದಲ್ಲೇ ಮತ್ತೆ ಮತ್ತೆ ಒಗೆದು, ಆ ನೀರನ್ನೂ ಗಿಡಕ್ಕೇ ಚೆಲ್ಲಿ ಒಣಹಾಕಿದರು. ಇನ್ನು ಇವು ಶೇಂಗಾಕ್ಕೆ ಮಾತ್ರ ಎಂದರು. ತೊಟ್ಟಿಗೆ ತಮ್ಮ ಹಳೆಯ ಹತ್ತಿ ಸೀರೆಗಳನ್ನು ಜೋಡಿಸಿ ಹೊಸ ಚಪ್ಪರ ಹೊಲಿದರು. ಅದನ್ನು ರಾತ್ರಿಯೂ ನೀರಿಗೆ ಇಳಿಸದೆ ಮೇಲೆಯೇ ಕಟ್ಟಿದೆವು. ಬಟ್ಟೆ ಒಗೆಯುವ ಕಲ್ಲು ತೊಟ್ಟಿಗೆ ಹತ್ತಿರವಾಯಿತು, ಸೋಪಿನ ಪುಡಿಯ ನೊರೆ ಸಿಡಿಯುತ್ತದೆ, ಅದರಲ್ಲೂ ರಂಜಕ ಇರುತ್ತದಂತೆ ಎಂದು ಸರಿತಾ ಹೇಳಿದ ದಿನವೇ ನನ್ನ ಗಂಡ ಆ ಕಲ್ಲನ್ನು ಕಿತ್ತು ಬೇಲಿಯ ಕಡೆಗೆ ಹಾಕಿದರು. ಈಗ ನಾನು ಒದ್ದೆ ಬಟ್ಟೆ ಹೊತ್ತು ಅಷ್ಟು ದೂರ ಬರಬೇಕು. ಬರುತ್ತೇನೆ.

ಹಬ್ಬಕ್ಕೆ ಮುಂಚಿನ ವಾರ ಮಾವ ಹಿತ್ತಲಿಗೆ ಬರಲೇ ಇಲ್ಲ. ಕೊಟ್ಟ ಮಾತು ಮಾತೇ, ಉಗಾದಿಗೇ ನೋಡುತ್ತೇನೆ ಎಂದು ಮುಂಬಾಗಿಲಿನಿಂದಲೇ ತೋಟಕ್ಕೆ ಹೋಗಿ ಬರುತ್ತಿದ್ದರು. ಸರಿತಾ ದಿನಾ ಈಜುತ್ತಿದ್ದಳು; ಆದರೆ ಅವಳಿಗೆ ಹೆದರಿಕೆಯಿತ್ತು. “ನೀರು ಚೊಕ್ಕ ಇದ್ರೂ ಅಜ್ಜನ ಕಣ್ಣಿಗೆ ಕಾಣ್ದೇ ಹೋದ್ರೆ?” ಎಂದು ಹಬ್ಬದ ಹಿಂದಿನ ಸಂಜೆ, ನಾನು ಹೋಳಿಗೆಗೆ ಬೇಳೆ ಬೇಯಿಸುವಾಗ ಕೇಳಿದಳು.

ಉಗಾದಿಯ ಬೆಳಗ್ಗೆ ಎಲ್ಲರಿಗೂ ಎಣ್ಣೆ ನೀರಾಯಿತು. ಮಾವ ಹೊಸ ಪಂಚೆ ಉಟ್ಟು, ತಲೆ ಒರೆಸಿಕೊಳ್ಳುತ್ತಾ ಹಿತ್ತಲಿಗೆ ಬಂದರು. ಗಾಳಿ ಇನ್ನೂ ಎದ್ದಿರಲಿಲ್ಲ. ನಾವೆಲ್ಲ ಅವರ ಹಿಂದೆ ನಿಂತೆವು. ಸರಿತಾ ಆಚೆ ಕಡೆಯ ಮೆಟ್ಟಿಲ ಬಳಿ ಹಳೆಯ ಚೂಡಿದಾರದಲ್ಲಿ ಕೂತಿದ್ದಳು. ಮಾವ ಕಟ್ಟೆಗೆ ಕೈಯೂರಿ, ಹುಬ್ಬಿನ ಮೇಲೆ ಕೈ ಇಟ್ಟುಕೊಂಡು ಬಗ್ಗಿ ನೋಡಿದರು. ನೋಡಿದರು, ಮತ್ತೆ ನೋಡಿದರು. ಅವರ ಮುಖ ಕೆಂಪಾಯಿತು.

“ಯಾವನ್ಲೇ ನೀರು ಬಿಟ್ಟೋನು?” ಎಂದು ಗುಡುಗಿದರು. “ಹೇಳದೆ ಕೇಳದೆ ಅಷ್ಟೂ ನೀರು ಎಲ್ಲಿಗೆ ಬಿಟ್ರಿ? ಹೂವು ಕಂಡ್ರೆ ಆತಾ, ತೊಟ್ಟಿ ಖಾಲಿ ಮಾಡಿ ಹೂವು ತೋರ್ಸ್ತೀರಾ ನಂಗೆ?”

ನನ್ನ ಗಂಡ ಬಾಯಿ ತೆರೆಯುವಷ್ಟರಲ್ಲಿ ಸರಿತಾ ಮೆಟ್ಟಿಲಿನಿಂದ ಕೈಬಿಟ್ಟು ಒಳಕ್ಕೆ ಜಿಗಿದಳು. ಖಾಲಿ ತೊಟ್ಟಿಗೆ ಮಗು ಬಿದ್ದಳೆಂದು ಮಾವ ಅಯ್ಯೋ ಎಂದು ಎರಡೂ ಕೈ ಚಾಚಿದರು. ನೀರು ಎದ್ದು ಅವರ ಎದೆಗೆ, ಹೊಸ ಪಂಚೆಗೆ ಬಡಿಯಿತು.

ಅವರು ಒದ್ದೆಯಾದ ಕೈಗಳನ್ನು ಚಾಚಿಕೊಂಡೇ ನಿಂತಿದ್ದರು. ಸರಿತಾ ತಳಕ್ಕೆ ಮುಳುಗಿ, ಹೂವಿನ ಹಳದಿಯನ್ನು ಅಂಗೈಯಿಂದ ಮುಟ್ಟಿ, ಮೇಲೆ ಬಂದು ಅಂಗಾತ ತೇಲಿದಳು. ಅವಳ ಬೆನ್ನು ನೀರಿನ ಮೇಲೆ ಹಲಗೆಯ ಹಾಗೆ ನೇರವಾಗಿತ್ತು.

“ಐತೆ ಕಣೋ,” ಎಂದರು ಮಾವ, ಯಾರಿಗೆಂದು ಇಲ್ಲದೆ. “ನೀರು ಐತೆ.”

ಬೇವು ಬೆಲ್ಲವನ್ನು ಅವರು ಒದ್ದೆ ಪಂಚೆಯಲ್ಲೇ ಕಟ್ಟೆಯ ಮೇಲೆ ಕೂತು ತಿಂದರು. ಅತ್ತೆ ಎಷ್ಟು ಹೇಳಿದರೂ ಬದಲಿಸಲಿಲ್ಲ. ಮಧ್ಯಾಹ್ನ ಹೋಳಿಗೆ ಊಟಕ್ಕೆ ಮೊದಲು ಬೀದಿಯ ಕಡೆ ಅವರ ದನಿ ಕೇಳಿಸಿತು. ಹಬ್ಬದ ಮಾತಿಗೆ ನಿಂತ ಯಾರಿಗೋ ಹೇಳುತ್ತಿದ್ದರು.

“ನಮ್ಮ ಹುಡ್ಗಿ ತೊಟ್ಟಿ ನೀರು ನೋಡೀಯೇನು? ಬಾ, ಒಳಗೆ ಬಾ. ಕೈ ಹಾಕೋ ತನಕ ಐತೋ ಇಲ್ವೋ ಗೊತ್ತಾಗಾಕಿಲ್ಲ.”